ಮೊಟ್ಟೆ ಬೇಯದ ಬಿಸಿನೀರು

ಬೆಳ್ತಂಗಡಿ ಪೇಟೆಗೆ ತಾಗಿಕೊಂಡೇ ಇರುವ ಊರು ಲಾಯಿಲ. ಅಲ್ಲಿನ ಒಂದು ಮನೆಗೆ ಮಳೆಗಾಲ ಮುಗಿಯುವ ಹೊತ್ತಿಗೆ ಜಪಾನಿನಿಂದ ಹತ್ತು ಹನ್ನೆರಡು ಚಿತ್ರಗಳು ಬಂದವು. ಕಳಿಸಿದ್ದು ಮಕ್ಕಳ ಸೋದರಮಾವ. ಕೆಲಸದ ಮೇಲೆ ಅಲ್ಲಿಗೆ ಹೋದವರು, ರಜೆಯ ಒಂದು ದಿನ ಬೆಪ್ಪು ಎಂಬ ಊರಿನ ಬಿಸಿನೀರಿನ ಬುಗ್ಗೆಗಳನ್ನು ನೋಡಿ ಬಂದು, ಚಿತ್ರಗಳನ್ನು ಅಕ್ಕನ ಮೊಬೈಲಿಗೆ ಹಾಕಿದ್ದರು.

ಮನೆಯವರೆಲ್ಲ ಜಗಲಿಯಲ್ಲಿ ಕುಳಿತು ನೋಡಿದರು. ಒಂದು ಕೊಳದ ನೀರು ನೀಲಿ, ಅದರ ಮೇಲೆ ಮೋಡದಂತೆ ಏಳುವ ಹಬೆ. ಅಲ್ಲಿನ ನೀರು ಸುಮಾರು 98 ಡಿಗ್ರಿ ಸೆಲ್ಸಿಯಸ್ ಎಂದು ಮಾವ ಬರೆದಿದ್ದರು. ಇನ್ನೊಂದು ಕೊಳ ಕೆಂಪು, ಕಬ್ಬಿಣದ ಅಂಶವಿರುವ ಮಣ್ಣಿನಿಂದ ಬಂದ ಬಣ್ಣ. ಮತ್ತೊಂದು ಕಡೆ ಅರ್ಧ ಗಂಟೆಗೋ ಮುಕ್ಕಾಲು ಗಂಟೆಗೋ ಒಮ್ಮೆ ಬಿಸಿನೀರು ಕಾರಂಜಿಯಂತೆ ಚಿಮ್ಮುತ್ತದೆಯಂತೆ. ಈ ಕೊಳಗಳಿಗೆ ಅಲ್ಲಿನವರು ಇಟ್ಟ ಹೆಸರು ‘ನರಕ’. ನೋಡಬಹುದು, ಇಳಿಯುವಂತಿಲ್ಲ. ಕೊನೆಯ ಚಿತ್ರದಲ್ಲಿ ಮಾವ ನೆಲದಿಂದ ಬರುವ ಹಬೆಯಲ್ಲೇ ಬೇಯಿಸಿದ ಮೊಟ್ಟೆಯನ್ನು ಕೈಯಲ್ಲಿ ಹಿಡಿದು ನಗುತ್ತಿದ್ದರು.

ಐದನೆಯ ತರಗತಿಯ ಹುಡುಗನಿಗೆ ಆ ಮೊಟ್ಟೆ ಬಿಟ್ಟರೆ ಬೇರೇನೂ ಕಾಣಲಿಲ್ಲ. ಒಂಬತ್ತನೆಯ ತರಗತಿಯ ಅವನ ಅಕ್ಕನಿಗೆ ಮಾತ್ರ, ಬೆಂಕಿಯೇ ಇಲ್ಲದೆ ನೀರು ಕಾಯುವುದು ಹೇಗೆ ಎಂಬ ಪ್ರಶ್ನೆ.

“ಅದಕ್ಕೆ ಜಪಾನಿಗೆ ಯಾಕೆ ಹೋಗಬೇಕು?” ಎಂದರು ಅಜ್ಜ. “ನಮ್ಮ ಪುತ್ತೂರಿನ ಇರ್ದೆಯಲ್ಲಿ ಉಂಟಲ್ಲ, ಬೆಂದ್ರು ತೀರ್ಥ. ನಾನು ಸಣ್ಣವನಿರುವಾಗ ಅಪ್ಪನೊಟ್ಟಿಗೆ ಹೋಗಿ ಮಿಂದಿದ್ದೇನೆ. ಮೈಯ ಕಜ್ಜಿಯೆಲ್ಲ ಹೋಗ್ತದೆ ಅಂತ ಹೇಳ್ತಾರೆ. ಒಮ್ಮೆ ಹೋಗಿ ಬರುವ.”

ಎಲ್ಲಿಗೂ ಹೊರಡದ ಅಜ್ಜ ತಾವಾಗಿ ‘ಹೋಗುವ’ ಎಂದದ್ದು ಮನೆಯವರಿಗೆ ಆಶ್ಚರ್ಯ. ಹದಿನೈದು ವರ್ಷಗಳಿಂದ ಅವರಿಗೆ ಶುಗರ್ ಇತ್ತು. ಇತ್ತೀಚೆಗೆ ತೋಟಕ್ಕೂ ಹೋಗುವುದು ಕಡಿಮೆ. ಹೊರಡುವ ಉತ್ಸಾಹ ಬಂತಲ್ಲ ಎಂದು ಎಲ್ಲರಿಗೂ ಸಂತೋಷವೇ ಆಯಿತು. ಆ ಉತ್ಸಾಹದ ಹಿಂದೆ ಇನ್ನೊಂದು ಕಾರಣವಿದ್ದುದು ಯಾರಿಗೂ ತಿಳಿಯಲಿಲ್ಲ.

ಡಿಸೆಂಬರ್ ತಿಂಗಳ ಒಂದು ಭಾನುವಾರ ಹೊರಡುವುದೆಂದು ನಿಶ್ಚಯವಾಯಿತು. ಹುಡುಗಿ ಶಾಲೆಯ ವಿಜ್ಞಾನ ಟೀಚರನ್ನು ಕೇಳಿ, ಜೋಪಾನವಾಗಿ ತಂದುಕೊಡುತ್ತೇನೆಂದು ಮಾತು ಕೊಟ್ಟು, ಪ್ರಯೋಗಶಾಲೆಯ ಒಂದು ಥರ್ಮಾಮೀಟರ್ ತಂದಳು. ಒಳಗೆ ಕೆಂಪು ಬಣ್ಣದ ಆಲ್ಕೊಹಾಲ್ ಇರುವಂಥದು. “ಮನೆಯಲ್ಲಿ ಜ್ವರ ನೋಡುವುದು ಉಂಟಲ್ಲ, ಅದು ಸಾಕಿತ್ತು” ಎಂದ ತಮ್ಮ. ಅದು ಮನುಷ್ಯನ ಮೈಯ ಬಿಸಿಗೆಂದೇ ಮಾಡಿದ್ದು, ಕುದಿಯುವ ನೀರಿಗೆ ಹಾಕಿದರೆ ಹಾಳಾದೀತು ಎಂದು ಅವಳು ಹೇಳಿದಳು. ತಮ್ಮನೂ ಸುಮ್ಮನಿರಲಿಲ್ಲ. ಹಟ್ಟಿಯ ಬದಿಯ ಕೋಳಿಗೂಡಿನಿಂದ ಎರಡು ಮೊಟ್ಟೆ ತೆಗೆದು, ಹಳೆಯ ಬೈರಾಸಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡ.

ಹೊರಡುವ ಮೊದಲು ಹುಡುಗಿ ಬಾವಿಯಿಂದ ಒಂದು ಕೊಡಪಾನ ನೀರು ಸೇದಿ, ಕೂಡಲೇ ಥರ್ಮಾಮೀಟರ್ ಮುಳುಗಿಸಿ ನೋಡಿದಳು. 27 ಡಿಗ್ರಿ. ಪುಸ್ತಕದಲ್ಲಿ ಬರೆದುಕೊಂಡಳು. “ಬಿಸಿನೀರು ನೋಡಲು ಹೋಗುವವಳಿಗೆ ತಣ್ಣೀರಿನ ಲೆಕ್ಕ ಎಂತಕ್ಕೆ?” ಎಂದು ಅಜ್ಜಿ ನಕ್ಕರು. ಹೋಲಿಸಲು ಒಂದು ಅಳತೆ ಕೈಯಲ್ಲಿರದಿದ್ದರೆ ಇನ್ನೊಂದು ಅಳತೆಗೆ ಅರ್ಥವಿಲ್ಲ ಎಂಬುದು ಅಜ್ಜಿಗೆ ಸಂಜೆಯ ಹೊತ್ತಿಗೆ ತಿಳಿಯಿತು.

ಓಮ್ನಿ ಗಾಡಿಯಲ್ಲಿ ಆರು ಮಂದಿ. ಗುರುವಾಯನಕೆರೆಯಿಂದ ಉಪ್ಪಿನಂಗಡಿಯ ದಾರಿ ಹಿಡಿದರು. ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಕುಮಾರಧಾರೆ ಬಂದು ಸೇರುವುದನ್ನು ನೋಡಿ, ಅಜ್ಜಿ ಕೈಮುಗಿದು, ಪುತ್ತೂರಿಗೆ ಬರುವಾಗ ಹತ್ತು ಗಂಟೆ. ದಾರಿಯುದ್ದಕ್ಕೂ ಹುಡುಗನದು ಪ್ರಶ್ನೆಗಳ ಮಳೆ. ಕುದಿಯುವ ನೀರಿನಲ್ಲಿ ಮೀನು ಇರುತ್ತದಾ? ನಮ್ಮ ದೇಶದಲ್ಲಿ ಅಂಥ ನೀರು ಬೇರೆ ಎಲ್ಲಿ ಉಂಟು?

ಎರಡನೆಯದಕ್ಕೆ ಅಪ್ಪ ಉತ್ತರ ಕೊಟ್ಟರು. ಹಿಮಾಚಲ ಪ್ರದೇಶದ ಮಣಿಕರಣ್‌ನಲ್ಲಿ ಬುಗ್ಗೆಯ ನೀರಿನಲ್ಲೇ ಅಕ್ಕಿ, ಬೇಳೆ ಬೇಯಿಸುತ್ತಾರೆ. ಲಡಾಖಿನ ಪೂಗಾ ಕಣಿವೆಯಲ್ಲೂ ಬುಗ್ಗೆಗಳಿವೆ. ಮುಂಬೈಯಲ್ಲಿ ಹೋಟೆಲ್ ಕೆಲಸಕ್ಕಿದ್ದಾಗ ಅಪ್ಪ ತಾವೇ ವಜ್ರೇಶ್ವರಿಗೆ ಹೋಗಿ ಬಿಸಿನೀರಿನ ಕುಂಡದಲ್ಲಿ ಮಿಂದಿದ್ದರು. ಮಹಾರಾಷ್ಟ್ರದ ಕೊಂಕಣ ಕರಾವಳಿಯುದ್ದಕ್ಕೂ ಇಂಥ ಬುಗ್ಗೆಗಳು ಸಾಲಾಗಿವೆ.

ಮೊದಲನೆಯ ಪ್ರಶ್ನೆಗೆ ಅಕ್ಕ ಉತ್ತರ ಹೇಳಿದಳು. ಮೀನು ಇರುವುದಿಲ್ಲ, ಆದರೆ ಜೀವವೇ ಇಲ್ಲವೆಂದಲ್ಲ. ಅಮೆರಿಕದ ಯೆಲ್ಲೋಸ್ಟೋನ್ ಎಂಬಲ್ಲಿನ ಬಿಸಿ ಬುಗ್ಗೆಯಲ್ಲಿ 70 ಡಿಗ್ರಿಯ ನೀರಿನಲ್ಲೂ ಸುಖವಾಗಿ ಬದುಕುವ ಒಂದು ಬ್ಯಾಕ್ಟೀರಿಯವನ್ನು 1960ರ ದಶಕದಲ್ಲಿ ಥಾಮಸ್ ಬ್ರಾಕ್ ಎಂಬ ವಿಜ್ಞಾನಿ ಮತ್ತು ಅವರ ವಿದ್ಯಾರ್ಥಿ ಕಂಡುಹಿಡಿದರು. ಬಿಸಿಗೆ ಕೆಡದ ಅದರ ಒಂದು ಕಿಣ್ವವೇ ಮುಂದೆ ಪಿಸಿಆರ್ ಪರೀಕ್ಷೆಗೆ ಆಧಾರವಾಯಿತು. ಆ ವಿಧಾನವನ್ನು ರೂಪಿಸಿದ ಕ್ಯಾರಿ ಮುಲ್ಲಿಸ್‌ಗೆ 1993ರಲ್ಲಿ ನೊಬೆಲ್ ಬಂತು. “2020ರಲ್ಲಿ ಕೊರೊನಾ ಬಂದಾಗ ನಮ್ಮ ಮೂಗಿಗೆ ಕಡ್ಡಿ ಹಾಕಿದ್ದರಲ್ಲ, ಆ ಪರೀಕ್ಷೆ” ಎಂದಳು. ಹುಡುಗ ಮೂಗು ಉಜ್ಜಿಕೊಂಡ. ಎಲ್ಲಿಯ ಬುಗ್ಗೆ, ಎಲ್ಲಿಯ ಲಾಯಿಲ!

ಪುತ್ತೂರಿನಿಂದ ಬೆಟ್ಟಂಪಾಡಿಯ ಕಡೆಗೆ ಹೋದರೆ ಇರ್ದೆ ಗ್ರಾಮ. ಅಲ್ಲಿಂದ ಕೇರಳದ ಗಡಿ ದೂರವಿಲ್ಲ. ಅಡಿಕೆ ತೋಟಗಳ ನಡುವೆ, ಸೀರೆ ಹೊಳೆಯ ದಡದಲ್ಲಿ ಬೆಂದ್ರು ತೀರ್ಥ. ತುಳುವಿನಲ್ಲಿ ಬೆಂದ್ರ್ ಎಂದರೆ ಬಿಸಿನೀರು. ಹೆಸರಿನಲ್ಲೇ ವಿಷಯ ಇದೆ.

ಗಾಡಿ ನಿಂತದ್ದೇ ತಡ, ಹುಡುಗ ಮೊಟ್ಟೆಯ ಗಂಟು ಹಿಡಿದು ಓಡಿದ. ಓಡಿದವನು ದಡದಲ್ಲಿ ಗಕ್ಕನೆ ನಿಂತ. ಕಲ್ಲು ಕಟ್ಟಿದ ಒಂದು ಸಣ್ಣ ಕೊಳ. ಹಬೆ ಇಲ್ಲ, ಕುದಿತ ಇಲ್ಲ, ನೀಲಿ ಇಲ್ಲ, ಕೆಂಪೂ ಇಲ್ಲ. ತಳದಿಂದ ಆಗೊಮ್ಮೆ ಈಗೊಮ್ಮೆ ಒಂದೆರಡು ಗುಳ್ಳೆ ಮೇಲೆ ಬಂದು ಒಡೆಯುತ್ತಿತ್ತು, ಅಷ್ಟೆ.

“ಇದಾ?” ಎಂದ ಅವನು. ಅವನ ಮುಖ ನೋಡಿ ಅಮ್ಮನಿಗೆ ನಗು ಬಂತು, ಪಾಪವೆನಿಸಿತು ಕೂಡ. ಆದರೂ ಮೊಟ್ಟೆಗಳನ್ನು ಬೈರಾಸಿನ ಜೋಳಿಗೆಯಲ್ಲಿಟ್ಟು ಮೆಟ್ಟಿಲ ಬದಿಯಲ್ಲಿ ನೀರಿಗೆ ಇಳಿಬಿಟ್ಟ. ಆಸೆ ಯಾರನ್ನು ಬಿಟ್ಟಿದೆ?

ಬಿಸಿ ಎಷ್ಟಿದೆ ಎಂಬ ಬಗ್ಗೆ ಅಷ್ಟರಲ್ಲಿ ಚರ್ಚೆ ಎದ್ದಿತು. ಬಿಸಿಲಲ್ಲಿ ಗಾಡಿ ಬಿಟ್ಟುಕೊಂಡು ಬಂದ ಅಪ್ಪ ಕೈ ಅದ್ದಿ, “ಇದೆಂತ ಬಿಸಿ, ಸಾದಾ ನೀರು” ಎಂದರು. ಹೊಳೆಯಲ್ಲಿ ಕೈಕಾಲು ತೊಳೆದು ಬಂದ ಅಜ್ಜಿ, “ಎಂತ ಸಾದಾ? ಒಳ್ಳೆ ಬೆಚ್ಚಗೆ ಉಂಟು” ಎಂದರು. ಹೊಳೆಗೇ ಇಳಿದು ಸೊಂಟದವರೆಗೆ ಒದ್ದೆಯಾಗಿ ಬಂದ ಹುಡುಗ, “ಅಬ್ಬಾ, ಸುಡುತ್ತದೆ!” ಎಂದ.

ಮೂವರಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ. ನಮ್ಮ ಚರ್ಮ ನೀರಿನ ಉಷ್ಣತೆಯನ್ನು ಅಳೆಯುವ ಉಪಕರಣವಲ್ಲ. ತಾನು ಈಗ ಎಷ್ಟು ಬಿಸಿಯಿದ್ದೇನೆ, ಮುಟ್ಟಿದ್ದು ತನಗಿಂತ ಹೆಚ್ಚೋ ಕಡಿಮೆಯೋ ಎಂದಷ್ಟೇ ಅದು ಹೇಳುತ್ತದೆ. ಮನೆಯಲ್ಲಿ ನೀವೂ ಮಾಡಿ ನೋಡಬಹುದು. ಮೂರು ಪಾತ್ರೆಗಳಲ್ಲಿ ತಣ್ಣೀರು, ಉಗುರು ಬೆಚ್ಚಗಿನ ನೀರು, ಕೈಗೆ ತಾಳುವಷ್ಟು ಬಿಸಿನೀರು ಇಡಿ. ಒಂದು ಕೈ ತಣ್ಣೀರಿನಲ್ಲಿ, ಒಂದು ಕೈ ಬಿಸಿನೀರಿನಲ್ಲಿ ಎರಡು ನಿಮಿಷ ಇಟ್ಟು, ಆಮೇಲೆ ಎರಡನ್ನೂ ನಡುವಿನ ಪಾತ್ರೆಗೆ ಹಾಕಿ. ಒಂದೇ ನೀರು ಒಂದು ಕೈಗೆ ಬಿಸಿ, ಇನ್ನೊಂದಕ್ಕೆ ತಣ್ಣಗೆ. ನಿಮ್ಮ ಎರಡು ಕೈಗಳೇ ಒಂದಕ್ಕೊಂದು ಜಗಳಾಡುತ್ತವೆ. ಥರ್ಮಾಮೀಟರ್ ಹುಟ್ಟಿದ್ದೇ ಇಂಥ ಜಗಳ ತೀರಿಸಲು.

ಹುಡುಗಿ ಮೊದಲು ಹೊಳೆಯ ನೀರನ್ನು ಅಳೆದಳು. 25 ಡಿಗ್ರಿ. ಅನಂತರ ಕೊಳದ ಮೇಲ್ಮೈ. 35 ಡಿಗ್ರಿ. ಓದುವಾಗ ಥರ್ಮಾಮೀಟರಿನ ಬುರುಡೆಯನ್ನು ನೀರಿನಿಂದ ಹೊರಗೆ ತೆಗೆಯಲಿಲ್ಲ. ಕಣ್ಣನ್ನು ಕೆಂಪು ಗೆರೆಯ ಮಟ್ಟಕ್ಕೆ ತಂದು ನೋಡಿದಳು. ಆಳದ ನೀರನ್ನು ಅಳೆಯುವುದು ಹೇಗೆ? ಹಗ್ಗ ಕಟ್ಟಿ ಇಳಿಸಿ ಮೇಲೆ ಎಳೆಯುವಷ್ಟರಲ್ಲಿ ಗೆರೆ ಕೆಳಗಿಳಿದಿರುತ್ತದೆ. ಅಮ್ಮ ಉಪಾಯ ಹೇಳಿದರು. ಅಗಲ ಬಾಯಿಯ ಬಾಟಲಿಯೊಳಗೆ ಥರ್ಮಾಮೀಟರ್ ನಿಲ್ಲಿಸಿ, ಕಲ್ಲು ಕಟ್ಟಿ, ಹಗ್ಗದಲ್ಲಿ ತಳಕ್ಕೆ ಇಳಿಸಿದರು. ಐದು ನಿಮಿಷ ಬಿಟ್ಟು ಮೇಲೆತ್ತಿದಾಗ ತಳದ ನೀರು ಬಾಟಲಿಯ ತುಂಬ ಥರ್ಮಾಮೀಟರಿನ ಜೊತೆಯಲ್ಲೇ ಬಂದಿತ್ತು. 37 ಡಿಗ್ರಿ.

“ಮೊಟ್ಟೆಯ ಬಿಳಿ ಭಾಗ ಗಟ್ಟಿಯಾಗಲಿಕ್ಕೇ 60 ಡಿಗ್ರಿ ದಾಟಬೇಕು” ಎಂದಳು ಅಕ್ಕ. “ಇದರಲ್ಲಿ ಸಂಜೆಯವರೆಗೆ ಇಟ್ಟರೂ ಬೇಯುವುದಿಲ್ಲ.”

ಅಜ್ಜಿ ಕೂಡಲೇ, “ಬೇಯುವುದಿಲ್ಲ, ಮರಿಯಾದೀತು ನೋಡು!” ಎಂದರು. ಅಜ್ಜಿಯದು ತಮಾಷೆ. ಆದರೆ ಅದರಲ್ಲಿ ಲೆಕ್ಕ ತಪ್ಪಿರಲಿಲ್ಲ. ಕೋಳಿ ಫಾರಂಗಳಲ್ಲಿ ಮರಿ ಮಾಡಿಸುವ ಪೆಟ್ಟಿಗೆಯ ಉಷ್ಣತೆ ಸುಮಾರು 37.5 ಡಿಗ್ರಿಯೇ. ಕಾವು ಕೂತ ಹೇಂಟೆಯ ಹೊಟ್ಟೆಯಡಿಯ ಬಿಸಿ ಎಷ್ಟೆಂದು ಅಜ್ಜಿಯ ಅಂಗೈಗೆ ಐವತ್ತು ವರ್ಷಗಳ ಅನುಭವವಿತ್ತು.

ಬೆಪ್ಪುವಿನಲ್ಲಿ 98, ಇಲ್ಲಿ 37. ಯಾಕೆ ಹೀಗೆ? ಜಪಾನ್ ಇರುವುದು ಭೂಮಿಯ ಹೊರಚಿಪ್ಪಿನ ಫಲಕಗಳು ಒಂದಕ್ಕೊಂದು ಒತ್ತುವ ಜಾಗದಲ್ಲಿ. ಅಲ್ಲಿ ನೂರಕ್ಕೂ ಮಿಕ್ಕಿ ಜೀವಂತ ಜ್ವಾಲಾಮುಖಿಗಳಿವೆ. ಕರಗಿದ ಶಿಲೆ ನೆಲದಿಂದ ಹೆಚ್ಚು ಆಳದಲ್ಲಿಲ್ಲದ ಕಡೆ ನೀರು ಕುದಿಯುವುದು ಸಹಜ. ನಮ್ಮ ದಕ್ಷಿಣ ಕನ್ನಡದಲ್ಲಿ ಜ್ವಾಲಾಮುಖಿ ಇಲ್ಲ. ಇಲ್ಲಿರುವುದು ಗಡಾಯಿಕಲ್ಲಿನಂಥ ಹಳೆಯ, ತಣ್ಣಗಿನ, ಗಟ್ಟಿ ಬಂಡೆ. ಹಾಗಾದರೆ ಈ ಬೆಚ್ಚಗಿನ ನೀರು ಎಲ್ಲಿಂದ?

ಭೂಮಿಯ ಒಳಗೆ ಹೋದಂತೆ ಬಿಸಿ ಹೆಚ್ಚುತ್ತದೆ. ಭೂಮಿ ಹುಟ್ಟಿದಾಗಿನ ಶಾಖ ಸ್ವಲ್ಪ, ಬಂಡೆಯೊಳಗಿನ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂಗಳ ವಿಕಿರಣದಿಂದ ಹುಟ್ಟುವ ಶಾಖ ಸ್ವಲ್ಪ. ಲೋಕದ ಸರಾಸರಿ ನೋಡಿದರೆ ಕಿಲೋಮೀಟರಿಗೆ 25ರಿಂದ 30 ಡಿಗ್ರಿ ಏರುತ್ತದೆ. ಇದನ್ನು ಮೈಯಲ್ಲೇ ಅನುಭವಿಸಿದವರು ಕೋಲಾರದ ಚಿನ್ನದ ಗಣಿಯ ಕಾರ್ಮಿಕರು. 2001ರಲ್ಲಿ ಮುಚ್ಚಿದ ಆ ಗಣಿ ಸುಮಾರು 3.2 ಕಿಲೋಮೀಟರ್ ಆಳವಿತ್ತು. ಅದರ ತಳದಲ್ಲಿ ಕಲ್ಲಿನ ಉಷ್ಣತೆಯೇ 60 ಡಿಗ್ರಿಗೂ ಮೇಲೆ. ಮೇಲಿನಿಂದ ತಂಪು ಗಾಳಿ ಕಳಿಸದೆ ಅಲ್ಲಿ ಕೆಲಸ ಮಾಡುವಂತಿರಲಿಲ್ಲ.

ನಮ್ಮ ಜಿಲ್ಲೆಯಲ್ಲಿ ಸುರಿಯುವ ಮಳೆಯಲ್ಲಿ ಒಂದಿಷ್ಟು ಬಂಡೆಯ ಬಿರುಕುಗಳಲ್ಲಿ ಇಳಿಯುತ್ತದೆ. ಸಾಕಷ್ಟು ಆಳಕ್ಕೆ ಹೋದ ನೀರು ಅಲ್ಲಿ ಕಾದು, ಮೇಲೆ ಬರಲು ಇನ್ನೊಂದು ಬಿರುಕು ಸಿಕ್ಕಿದರೆ, ತಣಿಯುವ ಮೊದಲೇ ಹೊರಬೀಳುತ್ತದೆ. ಅದೇ ಬುಗ್ಗೆ. ಹುಡುಗಿ ಅಲ್ಲೇ ಮೆಟ್ಟಿಲಲ್ಲಿ ಕುಳಿತು ಲೆಕ್ಕ ಹಾಕಿದಳು. ಬಾವಿಯ ನೀರು 27, ತೀರ್ಥ 37. ವ್ಯತ್ಯಾಸ 10 ಡಿಗ್ರಿ. ಕಿಲೋಮೀಟರಿಗೆ 25 ಡಿಗ್ರಿಯಂತೆ 400 ಮೀಟರ್. ಕೋಲಾರದ ಬಂಡೆಯ ಹಾಗೆ ಕಿಲೋಮೀಟರಿಗೆ ಸುಮಾರು 12 ಡಿಗ್ರಿ ಮಾತ್ರ ಏರುವುದಾದರೆ 800 ಮೀಟರಿಗೂ ಹೆಚ್ಚು. ಬರುವ ದಾರಿಯಲ್ಲಿ ತಣಿದದ್ದನ್ನೂ ಸೇರಿಸಿದರೆ ಇನ್ನೂ ಆಳ. ಅಜ್ಜಿ ನಕ್ಕಿದ್ದ ತಣ್ಣೀರಿನ ಅಳತೆ ಉಪಯೋಗಕ್ಕೆ ಬಂದದ್ದು ಇಲ್ಲಿ.

ಮಾವ ಬರೆದಿದ್ದ ಇನ್ನೊಂದು ಮಾತೂ ಅವಳಿಗೆ ನೆನಪಾಯಿತು. ಬಿಸಿನೀರಿನ ಬುಗ್ಗೆ ಎಂದರೆ ಯಾವುದು ಎಂದು ಜಪಾನಿನಲ್ಲಿ 1948ರಲ್ಲೇ ಕಾನೂನು ಮಾಡಿದ್ದಾರೆ. ಹುಟ್ಟುವ ಜಾಗದಲ್ಲಿ ನೀರು 25 ಡಿಗ್ರಿ ಇರಬೇಕು, ಇಲ್ಲವೇ ಹೇಳಿದ ಖನಿಜಗಳಲ್ಲಿ ಒಂದಾದರೂ ಹೇಳಿದಷ್ಟು ಪ್ರಮಾಣದಲ್ಲಿ ಇರಬೇಕು. “ಆ ಲೆಕ್ಕದಲ್ಲಿ ನಮ್ಮ ಬೆಂದ್ರು ತೀರ್ಥ ಪಾಸು!” ಎಂದು ಅವಳು ಹೇಳಿದಾಗ ತಮ್ಮನಿಗೂ ಕೊಂಚ ಸಮಾಧಾನವಾಯಿತು. ಲಾಯಿಲದ ಬಾವಿ ನೀರೂ ಪಾಸಾಗುತ್ತದಲ್ಲ ಎಂದು ಅಪ್ಪ ಕೇಳಿದರು. ಅದೂ ನಿಜವೇ. ಜಪಾನಿನಂಥ ಚಳಿ ದೇಶದಲ್ಲಿ 25 ಡಿಗ್ರಿ ಬೆಚ್ಚಗೆ, ನಮ್ಮಲ್ಲಿ ಅದು ಬಾವಿಯ ತಂಪು. ಕಾನೂನಿಗೂ ಊರಿನ ಹವೆ ತಾಗುತ್ತದೆ.

ಇಷ್ಟು ಹೊತ್ತು ಅಜ್ಜ ದೂರದ ಕಟ್ಟೆಯಲ್ಲಿ ಕುಳಿತಿದ್ದರು. ಹುಡುಗಿ ಪುಸ್ತಕದಲ್ಲಿ ಒಂದು ಕೋಷ್ಟಕ ಬರೆದಿದ್ದಳು. ಯಾರಿಗೆ ನೀರು ಹೇಗೆ ಅನಿಸಿತು ಎಂಬ ಪಟ್ಟಿ. ಅಪ್ಪ: ಸಾದಾ. ಅಜ್ಜಿ: ಬೆಚ್ಚಗೆ. ತಮ್ಮ: ಸುಡುತ್ತದೆ. ಅಮ್ಮ: ಉಗುರು ಬೆಚ್ಚಗೆ. ಅಜ್ಜನ ಎದುರು ಜಾಗ ಖಾಲಿ ಇತ್ತು.

“ಅಜ್ಜಾ, ನಿಮ್ಮದೊಂದು ಬಾಕಿ.”

ಅಜ್ಜ ಎದ್ದು ಬಂದು, ಮೆಟ್ಟಿಲಲ್ಲಿ ಕುಳಿತು, ಎರಡೂ ಕಾಲುಗಳನ್ನು ನೀರಿಗೆ ಇಳಿಬಿಟ್ಟರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಗೊತ್ತಾಗುವುದಿಲ್ಲ ಪುಳ್ಳೀ” ಎಂದರು.

“ಬಿಸಿಯಾ, ತಣ್ಣಗೆಯಾ ಅಂತ ಹೇಳಿ ಸಾಕು.”

“ಅದೇ ಗೊತ್ತಾಗುವುದಿಲ್ಲ. ಕಾಲಿಗೆ ಹತ್ತಿ ಸುತ್ತಿದ ಹಾಗೆ ಉಂಟು.”

ಅವಳು ‘ಅಜ್ಜ: ಗೊತ್ತಾಗುವುದಿಲ್ಲ’ ಎಂದು ಬರೆದಳು. ಬರೆದವಳು ಪೆನ್ನು ಎತ್ತಿಟ್ಟಳು. “ಕೈ ಹಾಕಿ ನೋಡಿ.” ಅಜ್ಜ ಕೈ ಅದ್ದಿದರು. “ಕೈಗೆ ಬೆಚ್ಚಗೆ ಉಂಟು.” ಅವಳು ಹೊಳೆಗೆ ಓಡಿ ಒಂದು ಚೊಂಬು ನೀರು ತಂದು ಅವರ ಪಾದದ ಮೇಲೆ ಹೊಯ್ದಳು. 35 ಡಿಗ್ರಿಯಲ್ಲಿದ್ದ ಪಾದಕ್ಕೆ 25 ಡಿಗ್ರಿಯ ನೀರು. ಬೇರೆ ಯಾರಾದರೂ ಕಾಲು ಹಿಂದೆ ಎಳೆಯುತ್ತಿದ್ದರು. ಅಜ್ಜ ಹೊಳೆಯ ಕಡೆ ನೋಡುತ್ತಾ ಕುಳಿತೇ ಇದ್ದರು.

ಹುಡುಗಿ ಅವರ ಪಾದವನ್ನು ಎತ್ತಿ ನೋಡಿದಳು. ಬಲಗಾಲ ಹೆಬ್ಬೆರಳ ಬುಡದಲ್ಲಿ, ಅಡಿಭಾಗದಲ್ಲಿ, ಒಂದು ರೂಪಾಯಿ ಅಗಲದ ಗಾಯ. ಸುತ್ತ ಚರ್ಮ ಬಿಳಿಚಿತ್ತು. ಅರಸಿನ ಹಚ್ಚಿ ಹಚ್ಚಿ ಹಳದಿಯಾಗಿತ್ತು.

“ಅಮ್ಮಾ!” ಎಂದು ಅವಳು ಕರೆದ ರೀತಿಗೆ ಎಲ್ಲರೂ ಓಡಿ ಬಂದರು.

“ಇದು ಯಾವಾಗ ಆದದ್ದು ಅಪ್ಪಾ? ಯಾಕೆ ಹೇಳಲಿಲ್ಲ?” ಮಗನ ದನಿ ಏರಿತು.

“ಒಂದು ತಿಂಗಳಾಯ್ತೋ ಏನೋ. ನೋವೇ ಇರಲಿಲ್ಲ. ನೋವಿಲ್ಲದ್ದಕ್ಕೆ ಎಂತ ಹೇಳುವುದು?”

ಸ್ವಲ್ಪ ಹೊತ್ತು ಬಿಟ್ಟು, ಯಾರ ಮುಖವನ್ನೂ ನೋಡದೆ, ಅಜ್ಜ ಇನ್ನೊಂದು ಮಾತು ಹೇಳಿದರು. ಅವರ ಗೆಳೆಯರೊಬ್ಬರು ಇಂಥದೇ ಗಾಯವಾಗಿ ಆಸ್ಪತ್ರೆಗೆ ಹೋಗಿದ್ದರು. ಮೊದಲು ಬೆರಳು, ಆಮೇಲೆ ಪಾದ ಹೋಯಿತು. ಅವರು ಆಸ್ಪತ್ರೆಗೆ ಹೋದದ್ದು ತೀರ ತಡವಾಗಿ ಎಂಬುದು ಅಜ್ಜನ ಮನಸ್ಸಿನಲ್ಲಿ ಉಳಿದಿರಲಿಲ್ಲ. ಹೋದರು, ಕತ್ತರಿಸಿದರು ಎಂಬುದಷ್ಟೇ ಉಳಿದಿತ್ತು. “ಡಾಕ್ಟರು ನೋಡಿದರೆ ಕತ್ತರಿಸ್ತಾರೆ. ಸಣ್ಣವನಿರುವಾಗ ಈ ತೀರ್ಥದಲ್ಲಿ ಮಿಂದು ನನ್ನ ಕಜ್ಜಿ ಗುಣವಾಗಿತ್ತು. ಹಾಗೆ…”

ಉತ್ಸಾಹದ ಹಿಂದಿನ ಕಾರಣ ಅದು. ಜಪಾನಿನ ಚಿತ್ರ ಒಂದು ನೆಪ.

ಅಜ್ಜಿ ಸೆರಗಿನಿಂದ ಕಣ್ಣೊರಸಿಕೊಂಡರು. “ಹಾಗಾದರೆ ದಿನಾ ರಾತ್ರಿ ಬಚ್ಚಲಲ್ಲಿ ಹಂಡೆಯ ನೀರಿಗೆ ಕಾಲು ಇಟ್ಟುಕೊಂಡು ಕೂರುವುದು ಇದಕ್ಕೆಯಾ?” ಎಂದು ಕೇಳಿದರು. ಅಜ್ಜ ತಲೆಯಾಡಿಸಿದರು. ಹಂಡೆಯಿಂದ ತೋಡಿದ ನೀರಿಗೆ ಎಷ್ಟು ತಣ್ಣೀರು ಬೆರೆಸುತ್ತಿದ್ದರು, ಅದು ಎಷ್ಟು ಬಿಸಿಯಿತ್ತು, ಹೇಳುವವರಿಲ್ಲ. ಹೇಳಬೇಕಾದ ಕಾಲಿಗೇ ಮಾತು ನಿಂತಿತ್ತು.

ರಕ್ತದಲ್ಲಿ ಸಕ್ಕರೆ ಹೆಚ್ಚಾಗಿ ಬಹಳ ವರ್ಷ ಇದ್ದರೆ ನರಗಳು ಹಾಳಾಗುತ್ತವೆ. ಮೈಯಲ್ಲಿ ಅತಿ ಉದ್ದದ ನರಗಳು ಪಾದಕ್ಕೆ ಹೋಗುವಂಥವು. ಆದ್ದರಿಂದ ಮೊದಲು ಕೆಡುವುದು ಸಾಮಾನ್ಯವಾಗಿ ಅವೇ. ಮುಳ್ಳು ಚುಚ್ಚಿದ್ದು, ಚಪ್ಪಲಿ ಕಚ್ಚಿದ್ದು, ನೀರು ಸುಟ್ಟದ್ದು ಗೊತ್ತಾಗುವುದಿಲ್ಲ. 50 ಡಿಗ್ರಿಯ ನೀರು ಕೆಲವೇ ನಿಮಿಷಗಳಲ್ಲಿ ಚರ್ಮವನ್ನು ಸುಡಬಲ್ಲದು, 60 ಡಿಗ್ರಿಯದು ಕೆಲವೇ ಕ್ಷಣಗಳಲ್ಲಿ. ನಮ್ಮನ್ನು ಅದರಿಂದ ಹಿಂದೆ ಎಳೆಯುವುದು ನೋವು. ನೋವನ್ನು ನಾವೆಲ್ಲ ಶತ್ರುವೆಂದು ಬಯ್ಯುತ್ತೇವೆ. ಅದು ಮನೆಯ ನಾಯಿ ಇದ್ದ ಹಾಗೆ. ಬೊಗಳಿದರೆ ನಿದ್ದೆ ಕೆಡುತ್ತದೆ ನಿಜ, ಆದರೆ ಕಳ್ಳ ಬಂದ ರಾತ್ರಿ ಬೊಗಳದಿದ್ದರೆ?

ಅಮ್ಮ ಕೂಡಲೇ ಅಜ್ಜನ ಕಾಲನ್ನು ನೀರಿನಿಂದ ಹೊರಗೆ ತೆಗೆಸಿದರು. ಬಾಟಲಿಯಲ್ಲಿ ಮನೆಯಿಂದ ತಂದ ಕುಡಿಯುವ ನೀರಿನಿಂದ ಗಾಯ ತೊಳೆದು, ಒರೆಸಿ, ಶುಭ್ರವಾದ ಕೈವಸ್ತ್ರ ಕಟ್ಟಿದರು. ತೆರೆದ ಗಾಯವನ್ನು ಯಾವ ಕೊಳದ ನೀರಿನಲ್ಲೂ ನೆನೆಹಾಕಬಾರದು. ಬೆಚ್ಚಗಿನ ನೀರು ನಮಗೆ ಹೇಗೆ ಹಿತವೋ ರೋಗಾಣುಗಳಿಗೂ ಹಾಗೆಯೇ.

“ಇಷ್ಟು ದೂರ ಬಂದು ತೀರ್ಥ ಮೀಯದೆ ಹೋಗುವುದಾ?” ಎಂದರು ಅಜ್ಜಿ. ದೇವರಿಗೂ ಡಾಕ್ಟರಿಗೂ ನಡುವೆ ಜಗಳ ಹಚ್ಚುವುದು ಅಮ್ಮನಿಗೆ ಬೇಡವಿತ್ತು. “ತಲೆಗೆ ಪ್ರೋಕ್ಷಣೆ ಮಾಡಿ ಅತ್ತೆ. ಕಾಲಿಗೆ ಬೇಡ” ಎಂದರು. ಅಜ್ಜಿ ಬೊಗಸೆಯಲ್ಲಿ ನೀರೆತ್ತಿ ಗಂಡನ ತಲೆಗೆ ಚಿಮುಕಿಸಿದರು. ತಾವೂ ಚಿಮುಕಿಸಿಕೊಂಡರು. ಯಾರಿಗೂ ಯಾವುದೂ ಕಡಿಮೆಯಾಗಲಿಲ್ಲ.

ಊಟದ ಬುತ್ತಿ ಅರ್ಧ ಹಾಗೇ ಉಳಿಯಿತು. ಪುತ್ತೂರಿನಲ್ಲಿ ಬಾಲವನ ನೋಡುವ ಯೋಚನೆಯೂ ಅಲ್ಲಿಗೇ ನಿಂತಿತು. ಸಂಜೆಯೊಳಗೆ ಲಾಯಿಲಕ್ಕೆ ಮರಳಿದರು. ಮರುದಿನ ಬೆಳಿಗ್ಗೆ ಅಪ್ಪ ಅಂಗಡಿಯ ಬಾಗಿಲು ತೆರೆಯಲಿಲ್ಲ. ಅಜ್ಜನನ್ನು ಕೂರಿಸಿಕೊಂಡು ಡಾಕ್ಟರಲ್ಲಿಗೆ ಹೋದರು. ಹುಡುಗಿಯೂ ಶಾಲೆಗೆ ಒಂದು ಗಂಟೆ ತಡವಾದರೂ ಪರವಾಗಿಲ್ಲವೆಂದು ಜೊತೆಗೆ ಹೋದಳು. ಅವಳ ಚೀಲದಲ್ಲಿ ಆ ಪುಸ್ತಕವಿತ್ತು.

ಡಾಕ್ಟರು ಅಜ್ಜನಿಗೆ ಕಣ್ಣು ಮುಚ್ಚಲು ಹೇಳಿ, ನೈಲಾನಿನ ಒಂದು ಎಳೆಯಿಂದ ಪಾದದ ಅಲ್ಲಲ್ಲಿ ಒತ್ತಿ, ಮುಟ್ಟಿದ್ದು ಗೊತ್ತಾದಾಗ ಹೇಳಬೇಕೆಂದರು. ಹೆಚ್ಚಿನ ಕಡೆ ಅಜ್ಜ ಸುಮ್ಮನಿದ್ದರು. ಹುಡುಗಿ ತನ್ನ ಕೋಷ್ಟಕ ತೋರಿಸಿದಳು. ಕೈಗೆ ಬೆಚ್ಚಗೆ, ಕಾಲಿಗೆ ಗೊತ್ತಾಗುವುದಿಲ್ಲ, ಹೊಳೆಯ ನೀರು 25, ಕೊಳದ ನೀರು 35. ಡಾಕ್ಟರು ಅದನ್ನು ಎರಡು ಸಲ ಓದಿದರು. “ನಾನು ಈಗ ಮಾಡಿದ ಪರೀಕ್ಷೆಯನ್ನೇ ನೀನು ನಿನ್ನೆ ನೀರಲ್ಲಿ ಮಾಡಿದ್ದೀ” ಎಂದರು. ಅನಂತರ ಅಜ್ಜನ ಕಡೆ ತಿರುಗಿ, “ಕತ್ತರಿಸುವುದು ಎಂತದೂ ಇಲ್ಲ. ಇನ್ನೂ ತಡ ಮಾಡಿದ್ದರೆ ಹೇಳಲಿಕ್ಕಾಗ್ತಿರಲಿಲ್ಲ. ನಾನು ಹೇಳಿದ ಹಾಗೆ ಕೇಳಬೇಕು, ಆಯ್ತಾ?” ಎಂದರು.

ಗಾಯ ಮಾಯಲು ಎರಡು ತಿಂಗಳ ಮೇಲೆ ಹಿಡಿಯಿತು. ದಿನಕ್ಕೊಮ್ಮೆ ಬ್ಯಾಂಡೇಜು, ಗಾಯಕ್ಕೆ ಭಾರ ಬೀಳದ ಹಾಗೆ ಮಾಡಿಸಿದ ಚಪ್ಪಲಿ, ಶುಗರಿನ ಔಷಧದಲ್ಲಿ ಬದಲಾವಣೆ. ಬೆರಳು ಉಳಿಯಿತು. ಅಜ್ಜ ಈಗ ಅಂಗಳಕ್ಕೂ ಬರಿಗಾಲಲ್ಲಿ ಇಳಿಯುವುದಿಲ್ಲ. ದಿನಾ ಮಲಗುವ ಮೊದಲು ಮೊಮ್ಮಗ ಒಂದು ಕನ್ನಡಿ ತಂದು ಅವರ ಅಂಗಾಲಿಗೆ ಹಿಡಿಯುತ್ತಾನೆ. ತಾತ ಮೊಮ್ಮಗ ಇಬ್ಬರೂ ಬಗ್ಗಿ ನೋಡುತ್ತಾರೆ.

ಶಾಲೆಯ ಥರ್ಮಾಮೀಟರ್ ಜೋಪಾನವಾಗಿ ಶಾಲೆಗೆ ಹಿಂದಿರುಗಿತು. ಅದರ ಬದಲಿಗೆ ಅಪ್ಪ ಒಂದು ಹೊಸದನ್ನು ತಂದು ಬಚ್ಚಲಲ್ಲಿ, ಹಂಡೆಯ ಬದಿಯ ಗೋಡೆಗೆ ನೇತುಹಾಕಿದ್ದಾರೆ. ಅಜ್ಜನ ಸ್ನಾನದ ನೀರನ್ನು ಮೊದಲು ಅದು ನೋಡಬೇಕು. 37ಕ್ಕಿಂತ ಮೇಲೆ ಹೋಗುವಂತಿಲ್ಲ. ಅಜ್ಜಿ ಈಗ ಬಚ್ಚಲನ್ನೇ ‘ಬೆಂದ್ರು ತೀರ್ಥ’ ಎಂದು ಕರೆಯುತ್ತಾರೆ.

ಆ ಎರಡು ಮೊಟ್ಟೆಗಳು ಏನಾದವು ಎಂದು ಕೇಳುವ ಮಕ್ಕಳಿದ್ದಾರು. ಗಲಾಟೆಯಲ್ಲಿ ಅವುಗಳನ್ನು ನೀರಿನಿಂದ ತೆಗೆಯಲು ಎಲ್ಲರೂ ಮರೆತಿದ್ದರು. ಹೊರಡುವಾಗ ಹುಡುಗನೇ ನೆನಪಿಸಿಕೊಂಡು ಎತ್ತಿದ. ಮರುದಿನ ಬೆಳಿಗ್ಗೆ ಅಮ್ಮ ಒಡೆದು ಕಾವಲಿಗೆ ಹೊಯ್ದಾಗ ಅವು ಹೋದ ಹಾಗೆಯೇ ಬಂದಿದ್ದವು. ಮಾವನಿಗೆ ಫೋನಿನಲ್ಲಿ ಹುಡುಗ ವರದಿ ಕೊಟ್ಟ: “ನಮ್ಮ ತೀರ್ಥದಲ್ಲಿ ಮೊಟ್ಟೆ ಬೇಯಲಿಲ್ಲ ಮಾವ. ಆದರೆ ಅಜ್ಜನ ಕಾಲು ಉಳಿಯಿತು.”